ಕುಸುಮಾ ದೊರೆಯ ಊರಿಗೆ ಹೋಗಿ ಬಂದದ್ದು

ಗೋಣಿಬೀಡಿನಿಂದ ಆರು ಕಿಲೋಮೀಟರ್ ಒಳಗಿರುವ ಒಂದು ಎಸ್ಟೇಟಿನ ಬಂಗಲೆಯಲ್ಲಿ ಕುಸುಮಾ ಹತ್ತೊಂಬತ್ತು ವರ್ಷ ಕೆಲಸ ಮಾಡಿದಳು. ಮೊದಲೆಲ್ಲ ಅಡಿಗೆ ಮಾತ್ರ. ಸಾವ್ಕಾರ್ರ ತಾಯಿ ಬಸಮ್ಮನವರು ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಅವರ ಕೈಕಾಲೆಲ್ಲ ಇವಳೇ ಆದಳು. ಬೆಳಿಗ್ಗೆ ಸ್ನಾನ ಮಾಡಿಸಿ, ಸೀರೆ ಉಡಿಸಿ, ಲಿಂಗಪೂಜೆಗೆ ಕೂರಿಸಬೇಕು. ಬೇರೆಯವರು ಮೈ ಮುಟ್ಟಿದರೆ ಮುದುಕಿ ಬೈಯುತ್ತಿದ್ದರು. ಕುಸುಮಾಳ ಗಂಡ ಮಂಜಯ್ಯ ಅದೇ ಎಸ್ಟೇಟಿನಲ್ಲಿ ಮರ ಹತ್ತುವ ಆಳು. ಮಗಳು ಶಾಲಿನಿ ಮೂಡಿಗೆರೆಯ ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಳು.

ಬಂಗಲೆ ಕಟ್ಟಿಸಿದವನು ಒಬ್ಬ ಇಂಗ್ಲಿಷ್ ದೊರೆ. ಬಸಮ್ಮನವರ ಮಾವ ಅದನ್ನು ಅವನ ಮೊಮ್ಮಗನಿಂದ ಕೊಂಡಿದ್ದರು. ಈಗ ಬಸಮ್ಮನವರ ಮಗ ರೇಣುಕಪ್ರಸಾದ್ ಅರ್ಧ ಬಂಗಲೆಯನ್ನು ಹೋಮ್‌ಸ್ಟೇ ಮಾಡಿದ್ದರು. ಬಂದವರೆಲ್ಲ ದೊರೆಯ ಕಥೆ ಕೇಳುತ್ತಿದ್ದರು. ಹಾಗಾಗಿ ರೇಣುಕಪ್ರಸಾದ್ ಇಂಗ್ಲೆಂಡಿನಲ್ಲಿ ದೊರೆ ಹುಟ್ಟಿದ ಹಳ್ಳಿಯನ್ನು ಪತ್ತೆ ಮಾಡಿ ಅಲ್ಲಿನ ಚರ್ಚಿಗೆ ಬರೆದರು. ಉತ್ತರ ಬಂತು: ಚರ್ಚಿನ ಗೋಡೆಯಲ್ಲಿ ದೊರೆಯ ಹೆಸರಿನ ಹಿತ್ತಾಳೆ ಫಲಕವಿದೆ, ಏಪ್ರಿಲಿನಲ್ಲಿ ಊರವರೆಲ್ಲ ಕೂಡಿ ಊರಿನ ಗಡಿ ಸುತ್ತುತ್ತಾರೆ, ನೀವೂ ಬನ್ನಿ.

ಬಸಮ್ಮನವರು ಹಠ ಹಿಡಿದರು. "ಮದ್ವೆಯಾಗಿ ಬಂದ ವರ್ಷ ದೊರೆ ಮೊಮ್ಮಗನ ಹೆಂಡ್ತಿ, ದೊರೆಸಾನಿನ ನೋಡಿದ್ದೆ. ಅವರ ಊರು ಹೆಂಗಿದೆ ಅಂತ ನೋಡ್ಬೇಕು. ಕುಸುಮಾ ಬಂದ್ರೆ ನಾನೂ ಬರ್ತೀನಿ."

ಹೀಗೆ ಕುಸುಮಾಗೂ ಪಾಸ್‌ಪೋರ್ಟ್ ಆಯಿತು. ಹೊರಡುವ ಬೆಳಿಗ್ಗೆ ಮಂಜಯ್ಯ ಆಳುಗಳ ಲೈನ್ ಮನೆಯಿಂದ ಬಂಗಲೆಯವರೆಗೆ ಅವಳ ಚೀಲ ಹೊತ್ತು ತಂದ. "ಅಲ್ಲಿ ಕಾಫಿ ಬೆಳೀತಾರಾ ನೋಡ್ಕೊಂಡ್ ಬಾ ಮಾರಾಯ್ತಿ. ಬೆಳೆಯಲ್ಲ ಅಂದ್ರೆ ಈ ದೊರೆ ಕಲ್ತಿದ್ದೆಲ್ಲಿ ಅಂತ ಕೇಳು," ಎಂದ.

ಆ ಹಳ್ಳಿಯ ಹೆಸರು ಕುಸುಮಾಳ ನಾಲಿಗೆಗೆ ಇವತ್ತಿಗೂ ಹೊರಳುವುದಿಲ್ಲ. ಆದರೆ ಮೊದಲ ಎರಡು ದಿನ ಅವಳಿಗೆ ಅಲ್ಲಿ ಎಲ್ಲವೂ ಚೆನ್ನಾಗಿ ಕಂಡಿತು. ಚೌಕನೆಯ ಗೋಪುರದ ಕಲ್ಲಿನ ಚರ್ಚು, ಸುತ್ತ ಹಾವಸೆ ಹಿಡಿದು ವಾಲಿದ ಗೋರಿಕಲ್ಲುಗಳು, ಬೇಲಿ ದಾಟಲು ಇಟ್ಟ ಮರದ ಮೆಟ್ಟಿಲು, ಇಳಿಜಾರಿನ ತುಂಬ ಕುರಿಮರಿ. ಯಾರದೋ ಹೊಲದ ನಡುವೆ ಯಾರು ಬೇಕಾದರೂ ನಡೆಯಬಹುದಂತೆ, ಬೈಯುವವರಿಲ್ಲ. ಫಲಕದ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿ 'ಮೈಸೂರು' ಎಂದು ಓದಿದಾಗ ಅವಳಿಗೆ ಹೆಮ್ಮೆಯಾಯಿತು. ಬಾಡಿಗೆ ಮನೆಯಲ್ಲಿ ಬಸಮ್ಮನವರಿಗೆ ಅಕ್ಕಿರೊಟ್ಟಿ ತಟ್ಟುತ್ತ, ಇದನ್ನೆಲ್ಲ ಮಂಜಯ್ಯನಿಗೆ ಯಾವ ಕ್ರಮದಲ್ಲಿ ಹೇಳಬೇಕೆಂದು ಯೋಚಿಸುತ್ತಿದ್ದಳು.

ಮೂರನೆಯ ದಿನ ಮಂಜಯ್ಯ ಸತ್ತ. ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಕಾಳುಮೆಣಸು ಕೊಯ್ಯುವಾಗ ಏಣಿ ಜಾರಿ ಬಂಡೆಯ ಮೇಲೆ ಬಿದ್ದ. ಎಸ್ಟೇಟಿನಲ್ಲಿ ಆಗ ಬೆಳಿಗ್ಗೆ ಹತ್ತೂವರೆ, ಇಂಗ್ಲೆಂಡಿನಲ್ಲಿ ಆರು. ಕುಸುಮಾ ಬಚ್ಚಲಲ್ಲಿ ಬಸಮ್ಮನವರಿಗೆ ನೀರು ಹಾಕುತ್ತಿದ್ದಾಗ ರೇಣುಕಪ್ರಸಾದರ ಫೋನ್ ಬಡಿಯಿತು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಪರಮೇಶ್ವರಪ್ಪ ನಡೆದದ್ದನ್ನು ಹೇಳಿದ.

"ಕುಸುಮಾಗೆ ಹೇಳ್ಬೇಕಲ್ಲ ಸಾರ್. ಹೆಣ ಎರಡು ದಿನ ಇಡ್ಬಹುದು ಅಂತಾರೆ ಆಸ್ಪತ್ರೆಲಿ."

ರೇಣುಕಪ್ರಸಾದ್ ಬಚ್ಚಲ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ಬೇಡ. ಅವಳು ಹೊರಟ್ರೆ ಅಮ್ಮನ್ನ ಯಾರು ನೋಡ್ತಾರೆ? ನಾವೆಲ್ಲ ವಾಪಸ್ ಬರ್ಬೇಕಾಗತ್ತೆ. ಇವತ್ತೇ ಮಣ್ಣು ಮಾಡ್ಬಿಡಿ."

"ಮಗಳು ಕೇಳ್ತಿದಾಳೆ ಸಾರ್. ಅಮ್ಮ ಬರ್ಲಿ ಅಂತಾಳೆ."

"ನಿಮ್ಮಮ್ಮಂಗೆ ಹೇಳಿದೀವಿ, ಅವಳೇ ಮುಗಿಸ್ರಿ ಅಂದ್ಳು ಅಂತ ಹೇಳಿ. ಇಲ್ಲಾಂದ್ರೆ ಹುಡುಗಿ ಗಲಾಟೆ ಮಾಡ್ತಾಳೆ."

ಪಕ್ಕದಲ್ಲಿದ್ದ ಹೆಂಡತಿ ರಜನಿ, "ತಪ್ಪಲ್ವೇನ್ರೀ?" ಎಂದರು.

"ಹೇಳಿದ್ರೆ ಏನ್ ಮಾಡ್ತಾಳೆ? ಅಳ್ತಾಳೆ, ಅಷ್ಟೇ. ಅದನ್ನ ಊರಿಗ್ ಹೋಗೇ ಅಳ್ಲಿ."

ರಜನಿ ಕುಸುಮಾಳ ಫೋನನ್ನು ಚಾರ್ಜಿಗೆಂದು ಇಸಿದುಕೊಂಡು ತಮ್ಮ ಚೀಲದಲ್ಲಿಟ್ಟರು. ಕೇಳಿದಾಗ, "ಈ ಕಣಿವೇಲಿ ನೆಟ್‌ವರ್ಕ್ ಬರಲ್ಲ ಕಣೆ," ಎಂದರು. ಕುಸುಮಾ ನಂಬಿದಳು. ಅವಳ ಲೈನ್ ಮನೆಯಲ್ಲೂ ನೆಟ್‌ವರ್ಕ್ ಬರುತ್ತಿರಲಿಲ್ಲ.

ಮಧ್ಯಾಹ್ನ ಬಸಮ್ಮನವರಿಗೂ ವಿಷಯ ಗೊತ್ತಾಯಿತು. ಮುದುಕಿ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು. ಎರಡು ದಿನ ಒಂದೊಂದೇ ರೊಟ್ಟಿ ತಿಂದರು. ಮೂರನೆಯ ದಿನ ಹೆಚ್ಚಿಗೆ ಚಟ್ನಿ ಕೇಳಿದರು. ಅಷ್ಟು ದಿನವೂ ಕುಸುಮಾ, "ಊರು ನೆನಪಾಯ್ತಾ ಅಮ್ಮಾವ್ರೆ?" ಎಂದು ಅವರ ಕಾಲು ತಿಕ್ಕುತ್ತಿದ್ದಳು.

ಭಾನುವಾರ ಎಲ್ಲರೂ ಚರ್ಚಿಗೆ ಹೋದರು. ಅಲ್ಲಿ ಪಾದ್ರಿ ಒಬ್ಬ ಹೆಂಗಸು. ಪ್ರಾರ್ಥನೆ ಮುಗಿದ ಮೇಲೆ ರಜನಿ ಅವರ ಹತ್ತಿರ ಏನೋ ಮೆಲ್ಲಗೆ ಹೇಳಿದರು. ಹೊಟ್ಟೆಯಲ್ಲಿಟ್ಟುಕೊಳ್ಳಲಾಗದೆ ಗುರುತಿಲ್ಲದವರ ಮುಂದೆ ಹೇಳಿಕೊಂಡರೋ ಏನೋ. ಪಾದ್ರಿ ನೇರ ಕುಸುಮಾಳ ಬಳಿ ಬಂದು, ಅವಳ ಎರಡೂ ಕೈ ಹಿಡಿದು, ನಿಧಾನವಾಗಿ ನಾಲ್ಕು ಮಾತಾಡಿದರು. ಅವರ ಕಣ್ಣು ಒದ್ದೆಯಾಗಿತ್ತು. ಕುಸುಮಾ ರಜನಿಯ ಮುಖ ನೋಡಿದಳು.

"ಅತ್ತೇನ ಚೆನ್ನಾಗಿ ನೋಡ್ಕೊಳ್ತೀಯ ಅಂತಿದಾರೆ," ಎಂದರು ರಜನಿ.

ಕುಸುಮಾ ನಾಚಿ ನಕ್ಕಳು. ತನಗೆ ಬರುತ್ತಿದ್ದ ಇಂಗ್ಲಿಷಿನಲ್ಲಿ "ಥ್ಯಾಂಕ್ಯೂ" ಎಂದಳು. ಪಾದ್ರಿ ಗಾಬರಿಯಾದವರಂತೆ ಕೈ ಬಿಟ್ಟರು.

ಎರಡು ದಿನ ಬಿಟ್ಟು ಗಡಿ ನಡಿಗೆ. ಊರಿನ ಐವತ್ತು ಜನ, ನಾಯಿಗಳು, ಮಕ್ಕಳು. ಗಡಿಕಲ್ಲು ಸಿಕ್ಕಲ್ಲೆಲ್ಲ ಬೆತ್ತದಿಂದ ಬಡಿದು ಕೂಗುವುದು ಅಲ್ಲಿನ ಪದ್ಧತಿ. ಬಸಮ್ಮನವರನ್ನು ಚರ್ಚಿನವರು ಕೊಟ್ಟ ಗಾಲಿಕುರ್ಚಿಯಲ್ಲಿ ಮರದ ಕೆಳಗೆ ಕೂರಿಸಿ, ರಜನಿ ಜೊತೆಗೆ ಉಳಿದರು. ಕುಸುಮಾಗೆ, "ನೀನೂ ಹೋಗೆ," ಎಂದರು. ಏರು ಅವಳಿಗೆ ಹೊಸದಲ್ಲ. ಬೂಟು ಹಾಕಿದವರಿಗಿಂತ ಮುಂಚೆ ಗುಡ್ಡದ ತುದಿ ಮುಟ್ಟಿ, ಬೆತ್ತ ಎತ್ತಿ ಕಲ್ಲಿಗೆ ಬಡಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಅವಳು ಬಾಯ್ತುಂಬ ನಕ್ಕದ್ದನ್ನು ರೇಣುಕಪ್ರಸಾದ್ ಫೋಟೊ ತೆಗೆದು, ಅವತ್ತೇ ಹೋಮ್‌ಸ್ಟೇಯ ಪೇಜಿಗೆ ಹಾಕಿದರು. ಮಂಜಯ್ಯ ಸತ್ತು ಐದು ದಿನವಾಗಿತ್ತು.

ಹನ್ನೊಂದನೆಯ ದಿನದ ಕಾರ್ಯವೂ ಅವಳಿಲ್ಲದೆ ಮುಗಿಯಿತು. ಅದಾದ ಮೂರನೆಯ ದಿನ ಕಾರು ಬಂಗಲೆಯ ಮುಂದೆ ನಿಂತಿತು.

"ಅತ್ತೇನ ಮಲಗ್ಸಿ ಆಮೇಲೆ ಮನೆಗೆ ಹೋಗು," ಎಂದರು ರಜನಿ. ಕುಸುಮಾ ಬಸಮ್ಮನವರ ಕಾಲು ತೊಳೆದು, ಬಿಸಿನೀರು ಕುಡಿಸಿ, ಹೊದಿಸಿ ಬಂದಳು. ಆಮೇಲೆ ಪರಮೇಶ್ವರಪ್ಪ ಅವಳನ್ನು ಆಫೀಸಿನ ಜಗಲಿಗೆ ಕರೆದು, ನಿಂತಲ್ಲೇ ಹೇಳಿದ.

"ಯಾವತ್ತು?" ಎಂದು ಕೇಳಿದಳು ಕುಸುಮಾ. ಅವನು ತಾರೀಕು ಹೇಳಿದ. ಅವಳು ಜಗಲಿಯ ಕಂಬ ಹಿಡಿದು ಕೂತಳು. ಅಳು ಬಂದದ್ದು ಲೈನ್ ಮನೆಯ ಬಾಗಿಲು ಕಂಡ ಮೇಲೆ.

ಒಳಗೆ ಶಾಲಿನಿ ಇದ್ದಳು. ತಾಯಿ ತಬ್ಬಲು ಹೋದರೆ ಹಿಂದೆ ಸರಿದಳು.

"ಫೋಟೊ ನೋಡ್ದೆ. ಚೆನ್ನಾಗ್ ನಗ್ತಿದ್ದೆ."

"ನಂಗ್ ಗೊತ್ತಿರ್ಲಿಲ್ಲ ಕಣೆ. ಯಾರೂ ಹೇಳ್ಲಿಲ್ಲ."

"ನೀನೇ ಮುಗಿಸ್ರಿ ಅಂದ್ಯಂತೆ. ಅಪ್ಪನ್ನ ಗುಂಡಿಗೆ ಇಳಿಸೋವರ್ಗೂ ಫೋನ್ ಮಾಡ್ತಾನೇ ಇದ್ದೆ ನಾನು. ಒಂದ್ ಸಲ ಎತ್ಲಿಲ್ಲ ನೀನು."

ಫೋನ್ ರಜನಿಯವರ ಹತ್ತಿರವಿತ್ತು ಎಂದರೂ ಮಗಳು ನಂಬಲಿಲ್ಲ. ಮಾರನೆಯ ದಿನ ಕುಸುಮಾ ಬಂಗಲೆಗೆ ಹೋಗಿ ರೇಣುಕಪ್ರಸಾದರನ್ನು ಕೇಳಿದ್ದು ಒಂದೇ: ಮಗಳಿಗೆ ನಿಜ ಹೇಳಿ. "ಹೇಳೋಣ, ಸ್ವಲ್ಪ ದಿನ ಹೋಗ್ಲಿ," ಎಂದರು. ವಾರ ಬಿಟ್ಟು ಕೇಳಿದಾಗ ಅತಿಥಿಗಳಿದ್ದರು. ಮೂರನೆಯ ಸಲ, "ಅದನ್ನೆಲ್ಲ ಕೆದಕಿ ಏನ್ ಪ್ರಯೋಜ್ನ? ನಿನ್ನ ಒಳ್ಳೇದಕ್ಕೇ ಮಾಡಿದ್ದು," ಎಂದು ಪೇಪರ್ ಬಿಡಿಸಿದರು. ಪರಮೇಶ್ವರಪ್ಪ, "ನನ್ನ ಹೆಸ್ರು ತರ್ಬೇಡ ಮಾರಾಯ್ತಿ," ಎಂದು ಕೈ ಮುಗಿದ.

ಹಿತ್ತಿಲಲ್ಲಿ ರಜನಿ ಸಿಕ್ಕರು. ಕುಸುಮಾ ಕೇಳಿದಳು, "ಆ ಪಾದ್ರಿಯಮ್ಮ ಅವತ್ತು ಏನಂದ್ರು ಅಮ್ಮಾವ್ರೆ?"

ರಜನಿ ನೆಲ ನೋಡುತ್ತ ಹೇಳಿದರು: "ನಿನ್ ಗಂಡನಿಗೋಸ್ಕರ ಪ್ರಾರ್ಥನೆ ಮಾಡ್ತೀನಿ ಅಂದ್ರು."

"ನಾನು ಥ್ಯಾಂಕ್ಯೂ ಅಂದೆ," ಎಂದಳು ಕುಸುಮಾ.

ಅವತ್ತೇ ಅವಳು ಕೆಲಸ ಬಿಟ್ಟಳು. ಲೈನ್ ಮನೆ ಎಸ್ಟೇಟಿನದು. ಎಂಟು ದಿನದಲ್ಲಿ ಖಾಲಿ ಮಾಡುವಂತೆ ಪರಮೇಶ್ವರಪ್ಪನೇ ಬಂದು ಹೇಳಿದ. ಜಾವಳಿಯ ಹತ್ತಿರ ಬೇರೆ ತೋಟದಲ್ಲಿ ಕಳೆ ತೆಗೆಯುವ ಕೆಲಸ ಸಿಕ್ಕಿತು. ಬಸಮ್ಮನವರಿಗೆ ಆಮೇಲೆ ನಾಲ್ಕು ಹೆಂಗಸರು ಬಂದು ಹೋದರು, ಬೆನ್ನಲ್ಲಿ ಹುಣ್ಣಾಯಿತು. ಮುದುಕಿ ಎರಡು ಸಲ ಕಾರು ಕಳಿಸಿದರು. ಎರಡನೆಯ ಸಲ ಡ್ರೈವರ್ ಬಂದಾಗ ಕುಸುಮಾ ಕಳೆ ಕೀಳುತ್ತಲೇ, "ನಾನಿಲ್ಲ ಅಂತ ಹೇಳಪ್ಪ," ಎಂದಳು. ಬಸಮ್ಮನವರು ಮಳೆಗಾಲದಲ್ಲಿ ತೀರಿಕೊಂಡರು. ಕುಸುಮಾ ನೋಡಲು ಹೋಗಲಿಲ್ಲ.

ಶಾಲಿನಿಗೆ ಹಾಸನದಲ್ಲಿ ಕೆಲಸವಾಯಿತು. ತಾಯಿಗೆ ಫೋನ್ ಮಾಡುವುದು ಅಪರೂಪ, ಮಾಡಿದರೂ ಎರಡು ಮಾತು. ಮಂಜಯ್ಯನ ವರ್ಷದ ಎಡೆಗೆ ಬೆಳಗಿನ ಬಸ್ಸಿಗೆ ಬಂದಳು. ಅಡಿಗೆಯೆಲ್ಲ ತಾನೇ ಮಾಡಿದಳು. ಅಪ್ಪನ ಹೆಸರಿನ ಎಲೆ ಹಾಕಿ ಅನ್ನ ಬಡಿಸುವ ಹೊತ್ತಿಗೆ ಕುಸುಮಾ ಸೌಟಿಗೆ ಕೈ ಚಾಚಿದಳು.

"ನೀನ್ ಬಿಡು, ನಾನೇ ಇಡ್ತೀನಿ," ಎಂದಳು ಮಗಳು.

ಕುಸುಮಾ ಕೈ ಹಿಂದಕ್ಕೆ ತೆಗೆದು ಬಾಗಿಲ ಹತ್ತಿರ ಹೋಗಿ ನಿಂತಳು.