ಜೋನಳ ಬಾಯಿಂದ ಬಂದ ಪೀಪಿ

ನನಗೆ ಆಗ ಅರವತ್ತೇಳು. ನಾಲ್ಕು ವರ್ಷದ ಹಿಂದಿನ ಮಾತು. ಪರ್ತ್‌ಗೆ ಬಂದ ಮೊದಲ ಶನಿವಾರವೇ ಒಬ್ಬ ಬಿಳಿಯ ಮುದುಕಿ ತಾನು ಚೀಪುತ್ತಿದ್ದ ಪೀಪಿಯನ್ನು ಬಾಯಿಂದ ತೆಗೆದು ನನ್ನ ಮೊಮ್ಮಗಳಿಗೆ ಕೊಟ್ಟಳು. ಹುಡುಗಿ ಅದನ್ನು ಒರೆಸಲೂ ಇಲ್ಲ, ನೇರ ಬಾಯಿಗಿಟ್ಟಳು. ನಾನು ಅನ್ನ ಕಲಸಿದ ಕೈ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದೆ. ಆ ಕೈಯ ತುತ್ತನ್ನು ಅವಳು ಆಗತಾನೆ ಬೇಡ ಅಂದಿದ್ದಳು:

“ಅಜ್ಜಿ, ನೋ! ಜರ್ಮ್ಸ್!”

ನಾನು ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳು. ತಪ್ಪಿದ್ದರೆ ತಿದ್ದಿಕೊಂಡು ಓದಿ. ತುಮಕೂರಿನಲ್ಲಿ ಛತ್ರದ ಬಾಗಿಲಲ್ಲಿ ಹೂ ಮಾರುತ್ತಿದ್ದೆ. ಮಗಳು ಸುಮ ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್. ಅಳಿಯ ಎರಡು ವಾರ ಗಣಿಯಲ್ಲಿದ್ದರೆ ಒಂದು ವಾರ ಮನೆಯಲ್ಲಿ. ಮೊಮ್ಮಗಳು ಧೃತಿಯನ್ನು ನೋಡಿಕೊಳ್ಳಲು ನನ್ನನ್ನು ಕರೆಸಿಕೊಂಡರು. ಮನೆ ಪರ್ತ್ ಪಕ್ಕದ ಫ್ರೀಮ್ಯಾಂಟಲ್‌ನಲ್ಲಿ, ಹಿತ್ತಲಿಗೆ ಬಂದರೆ ಬಂದರಿನ ಕ್ರೇನುಗಳು ಕಾಣುತ್ತವೆ. ಮಧ್ಯಾಹ್ನಕ್ಕೆ ಇಲ್ಲಿಯವರು ಆರ್ವೋ ಅನ್ನುತ್ತಾರೆ. ಆ ಹೊತ್ತಿಗೆ ಬೀಸುವ ಸಮುದ್ರದ ಗಾಳಿಗೆ ಡಾಕ್ಟರ್ ಎಂದು ಹೆಸರು. ಗಾಳಿಯನ್ನೂ ಡಾಕ್ಟರ್ ಎಂದು ಕರೆಯುವ ಊರಲ್ಲಿ ನನ್ನನ್ನು ಮಾತಾಡಿಸುವವರು ಒಬ್ಬರೂ ಇರಲಿಲ್ಲ.

ಆ ಮುದುಕಿ ಜೋನ್, ಧೃತಿಯ ಸಂಗೀತದ ಮೇಷ್ಟ್ರು. ನನಗಿಂತ ದೊಡ್ಡವಳು, ಆದರೂ ಸೈಕಲ್ ತುಳಿಯುತ್ತಾಳೆ. ಅದನ್ನು ಕಂಡರೂ ನನಗೆ ಆಗುತ್ತಿರಲಿಲ್ಲ. ಪ್ರತಿ ಶನಿವಾರ ನಮ್ಮ ಗ್ಯಾರೇಜಿನಲ್ಲಿ ಐದು ಜನ ಕೂತು ಊದುತ್ತಿದ್ದರು: ಒಂದು ಕೊಳಲು, ಒಂದು ಕ್ಲಾರಿಯೋನೆಟ್, ಒಂದು ಸುರುಳಿ ಸುತ್ತಿದ ಕೊಂಬು, ಒನಕೆಯಷ್ಟು ಉದ್ದದ ಜೋನಳ ಬಸೂನು, ನಮ್ಮ ಧೃತಿಯ ಓಬೋ. ಓಬೋ ಎಂದರೆ ನಮ್ಮ ಓಲಗದ ಬಡಕಲು ತಂಗಿ. ಓಲಗದ ಹಾಗೇ, ಅದರ ತುದಿಗೆ ಸಿಕ್ಕಿಸುವ ಜೊಂಡಿನ ಪೀಪಿ ಒದ್ದೆಯಾಗದೆ ಸ್ವರ ಹೊರಡುವುದಿಲ್ಲ. ಪೀಪಿಗಳನ್ನು ಜೋನಳೇ ಚಾಕುವಿನಲ್ಲಿ ಕೆತ್ತಿ, ತಾನು ಊದಿ ನೋಡಿ ಕೊಡುತ್ತಿದ್ದಳು.

ಅವರು ನುಡಿಸುವುದಕ್ಕೆ ರೊಕೊಕೊ ಅನ್ನುತ್ತಾರೆ. ಹಳೇ ಕಾಲದಲ್ಲಿ ಫ್ರಾನ್ಸಿನ ದೊಡ್ಡಮನೆಗಳಲ್ಲಿ ಇಂಥದಕ್ಕೆ ಕುಣಿಯುತ್ತಿದ್ದರಂತೆ. ಜೋನ್ ಹೊಸದಾಗಿ ಬರೆದದ್ದು, ರೀತಿ ಮಾತ್ರ ಹಳೆಯದು. ಬಾಗುವುದು, ಬಳುಕುವುದು, ಮತ್ತೆ ಅದೇ ಜಾಗಕ್ಕೆ ಬರುವುದು. ನಮ್ಮ ಓಲಗ ಊದಿದರೆ ಬೀದಿಯ ಆಚೆಯ ಎಮ್ಮೆ ತಿರುಗಿ ನೋಡುತ್ತದೆ. ಇದನ್ನು ಕೇಳಿದರೆ ಯಾರೋ ಸಕ್ಕರೆ ಡಬ್ಬಿಯನ್ನು ಸದ್ದಾಗದಂತೆ ಮುಚ್ಚಿದ ಹಾಗಿರುತ್ತದೆ.

ನುಡಿಸುವ ಮುಂಚೆ ಏನೂ ತಿನ್ನಬಾರದು ಎಂದು ಜೋನಳ ಕಟ್ಟಳೆ. ನನ್ನ ಮೊಸರನ್ನ ಶನಿವಾರವೆಲ್ಲ ಫ್ರಿಜ್ಜಿನಲ್ಲಿ. ನಾನು ಕಟ್ಟಿದ ಹೂ ಮುಡಿಯದವಳು ಜೋನ್ ಕೊಟ್ಟ ರಿಬ್ಬನ್ ಕಟ್ಟಿಕೊಂಡಳು. ಗ್ಯಾರೇಜಿನಿಂದ ಇಬ್ಬರ ನಗು ಕೇಳಿದರೆ ನಾನು ಪಾತ್ರೆಗಳನ್ನು ಬೇಕೆಂದೇ ಸದ್ದು ಮಾಡಿ ತೊಳೆಯುತ್ತಿದ್ದೆ.

ಆ ವರ್ಷವೇ ಊರಿನ ಹಾಲ್‌ನಲ್ಲಿ ಅವರ ಕಾರ್ಯಕ್ರಮವಾಯಿತು. ವಯಸ್ಸಾದ ಗಂಡಸರು ಹೆಂಗಸರು ಬರೀ ಬೆರಳ ತುದಿ ಹಿಡಿದು ಕುಣಿದರು. ನಮ್ಮೂರಲ್ಲಿ ಓಲಗ ಊದುತ್ತಿದ್ದರೆ ಯಾರೂ ಕೇಳುವುದಿಲ್ಲ, ಊಟಕ್ಕೆ ನುಗ್ಗುತ್ತಾರೆ. ಇಲ್ಲಿ ನೋಡಲು ಬಂದವರು ಕೆಮ್ಮಲೂ ಹೆದರಿ ಕೂತಿದ್ದರು. ಎರಡನೇ ಕುಣಿತ ಮುಗಿಯುತ್ತಲೇ ಧೃತಿಯ ಪೀಪಿ ಸೀಳಿಹೋಯಿತು. ಜೋನ್ ಬೇರೆ ಪೀಪಿ ತೆಗೆದು ತನ್ನ ಬಾಯಲ್ಲಿ ನೆನೆಸಿ, ಪೀ ಎನಿಸಿ ನೋಡಿ, ಅವಳ ಮುಂದೆ ಹಿಡಿದಳು.

ನಾನು ಎದ್ದು ನಿಂತೆ. “ಎಂಜಲು ಕಣೇ ಅದು! ತೊಳ್ಕೊಂಡು ಊದೇ!”

ಹಾಲೆಲ್ಲ ನನ್ನತ್ತ ತಿರುಗಿತು. ಸುಮ ಸೆರಗು ಹಿಡಿದು ಎಳೆದಳು. ಯಾವತ್ತೂ ಇಂಗ್ಲಿಷಿನಲ್ಲೇ ಉತ್ತರ ಕೊಡುವ ಧೃತಿ ವೇದಿಕೆಯಿಂದ ಕನ್ನಡದಲ್ಲೇ ಹೇಳಿದಳು: “ಅಜ್ಜಿ, ಕೂತ್ಕೋ!”

ಆಮೇಲೆ ಚೆನ್ನಾಗಿಯೇ ಊದಿದಳು. ಏನೂ ಅರ್ಥವಾಗದ ಜೋನ್ ನನಗೆ ಕೈ ಬೀಸಿ ನಕ್ಕಳು. ಬೈದಿದ್ದರೆ ವಾಸಿಯಿತ್ತು.

ಕಾರಿನಲ್ಲಿ ನಾನು ಬಿಡಲಿಲ್ಲ. “ನನ್ನ ಕೈ ತುತ್ತು ಆಗಲ್ಲ, ಅವಳ ಎಂಜಲು ಆಗತ್ತೇನೇ ನಿಂಗೆ?”

“ಅಮ್ಮ, ಸಾಕು ಬಿಡು,” ಎಂದಳು ಸುಮ.

“ಜೋನ್ ಹೆಲ್ಪ್ಸ್ ಮಿ ಪ್ಲೇ,” ಎಂದಳು ಧೃತಿ.

“ಮತ್ತೆ ನಾನು ಯಾತಕ್ಕೆ ಬಂದಿರೋದು?”

ಹುಡುಗಿ ಕಿಟಕಿಯ ಕಡೆ ತಿರುಗಿ ಹೇಳಿದಳು: “ಯೂ ಡೋಂಟ್ ಈವನ್ ಲೈಕ್ ಇಟ್, ಅಜ್ಜಿ.” ನಿನಗೆ ನಾವು ನುಡಿಸುವುದು ಇಷ್ಟವೇ ಇಲ್ಲವಲ್ಲ ಎಂದು. ನನಗೆ ಅಷ್ಟು ಇಂಗ್ಲಿಷ್ ಅರ್ಥವಾಯಿತು.

ಸುಳ್ಳಲ್ಲ. ಇವತ್ತಿಗೂ ಇಷ್ಟವಿಲ್ಲ. ಆದರೆ ಹೋದ ವರ್ಷ ತುಮಕೂರಿಗೆ ಹೋದಾಗ, ಓಲಗ ಎದುರಿಗೇ ಊದುತ್ತಿದ್ದರೂ ತಲೆಯೊಳಗೆ ಆ ಸಕ್ಕರೆ ಡಬ್ಬಿಯ ಕುಣಿತವೇ ಓಡುತ್ತಿತ್ತು. ಇಲ್ಲಿ ಕೂತಾಗ ಕಿವಿ ಓಲಗವನ್ನು ಬೇಡುತ್ತದೆ. ಜೋನಳ ಮೇಲಿನ ಹೊಟ್ಟೆಕಿಚ್ಚೂ ಹೋಗಿಲ್ಲ. ಹೋಗುವುದೂ ಬೇಡ.

ಆವತ್ತು ಕಾರಿನಿಂದ ಇಳಿದವಳು ನೇರ ಹೋಗಿ ಮಲಗಿಬಿಟ್ಟೆ. ಮರುದಿನ ಬೆಳಗ್ಗೆ ಬೇಗ ಎದ್ದು ಹಲ್ಲುಜ್ಜಿದೆ. ಏನೂ ತಿನ್ನದೆ, ಕಾಫಿಯನ್ನೂ ಕುಡಿಯದೆ, ಧೃತಿಯ ಡಬ್ಬಿಯಿಂದ ಒಂದು ಒಣ ಪೀಪಿ ತೆಗೆದು ಬಾಯಲ್ಲಿಟ್ಟುಕೊಂಡೆ. ಒಣಹುಲ್ಲಿನ ರುಚಿ. ಅದು ಮೆತ್ತಗಾಗುವವರೆಗೂ ಗ್ಯಾರೇಜಿನಲ್ಲಿ ಜೋನಳ ಕುರ್ಚಿಯ ಮೇಲೆ ಕೂತಿದ್ದು, ಧೃತಿ ಓಬೋ ಹಿಡಿದು ಬಂದಾಗ ಪೀಪಿಯನ್ನು ಬಾಯಿಂದ ತೆಗೆದು ಅವಳ ಮುಂದೆ ಚಾಚಿ, “ತಗೋ, ಊದು,” ಎಂದೆ.