ತುಂಬಿದ ಅಟ್ಟದ ರೂಟರ್

ಗಂಡಸಿ ಊರಿನ ಉಷಾರಾಣಿಗೆ ಸಿಟ್ಟು ಮಾಡಿಕೊಳ್ಳದೆ ಇರುವುದಕ್ಕೇ ಸಂಬಳ. ಮಿಕ್ಸಿ ಕಂಪನಿಯೊಂದರ ಸಹಾಯವಾಣಿ ಕೆಲಸ. ಪಡಸಾಲೆಯ ಮೂಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಬೆಳಿಗ್ಗೆ ಹತ್ತರಿಂದ ಸಂಜೆ ಆರರವರೆಗೆ ಊರೂರಿನವರ ಬೈಗುಳ ಕೇಳಬೇಕು. ಕೇಳಿ, “ತೊಂದರೆಗೆ ವಿಷಾದಿಸುತ್ತೇವೆ, ಒಂದ್ಸಲ ಆಫ್ ಮಾಡಿ ಆನ್ ಮಾಡಿ ನೋಡಿ” ಎಂದು ಬೆಣ್ಣೆಯಂಥ ದನಿಯಲ್ಲಿ ಹೇಳಬೇಕು. ಮದುವೆಯಾಗಿ ಹತ್ತೊಂಬತ್ತು ವರ್ಷಕ್ಕೆ ಸಿಕ್ಕ ಮೊದಲ ಕೆಲಸ. ಇಷ್ಟು ದಿನ ಅವಳನ್ನು ‘ಕಾಯಿ ರಾಜಶೇಖರನ ಹೆಂಡತಿ’ ಅನ್ನುತ್ತಿದ್ದ ಬೀದಿಯವರು ಈಗ ಹೆಸರು ಹಿಡಿದು ಮಾತಾಡಿಸುತ್ತಾರೆ.

ಆ ಕೆಲಸಕ್ಕೇ ಈಗ ಸಂಚಕಾರ ಬಂದಿತ್ತು. ಎರಡು ತಿಂಗಳಿಂದ ವೈಫೈ ಅನ್ನುವುದು ಬಂದರೆ ಬಂತು, ಹೋದರೆ ಹೋಯಿತು. ಮಾತಿನ ನಡುವೆಯೇ ಲೈನು ಕಡಿಯುತ್ತಿತ್ತು. ಶುಕ್ರವಾರ ಕಂಪನಿಯ ಮೇಲಿನವರು ಖಡಾಖಂಡಿತವಾಗಿ ಹೇಳಿಬಿಟ್ಟರು: ಸೋಮವಾರವೂ ಹೀಗೇ ಆದರೆ ನಿಮ್ಮ ಜಾಗಕ್ಕೆ ಬೇರೆಯವರು.

ಉಷಾರಾಣಿ ಮಾಡದ ಉಪಾಯವಿಲ್ಲ. ಸ್ವಿಚ್ಚು ಒತ್ತಿ ಒತ್ತಿ ಬೆರಳು ಸವೆಯಿತು. ಮಗಳ ಫೋನು, ಅತ್ತೆಯ ಟಿವಿ ಎಲ್ಲ ಬಂದ್ ಮಾಡಿಸಿದಳು. ಫೋನಿನ ಡೇಟಾದಲ್ಲಿ ಕಂಪನಿಯ ಲೈನು ತೆರೆಯುತ್ತಲೇ ಇರಲಿಲ್ಲ. ಕೇಬಲ್ಲಿನ ಇಂದ್ರೇಶನನ್ನು ಕರೆಸಿದಳು. ಅವನು ಹೊರಗಿನ ವೈರಿಗೆ ಮಿಷನ್ ಹಚ್ಚಿ ನೋಡಿ, “ಲೈನು ಸರಿಯಾಗೈತೆ ಅಕ್ಕ. ರೂಟರ್‌ಗೆ ಆರು ವರ್ಷ ಆಯ್ತು, ಬದಲಾಯಿಸ್ಬೇಕು. ಅಟ್ಟ ಹತ್ತಕ್ಕೆ ರಾಜಶೇಖರಣ್ಣ ಬಿಡಬೇಕಲ್ಲ” ಅಂದ.

ರೂಟರ್ ಇದ್ದದ್ದು ಅಟ್ಟದ ಮೇಲೆ, ಹಿಂಬದಿಯ ತೊಲೆಗೆ ಹೊಡೆದ ಹಲಗೆಯಲ್ಲಿ. ಅಟ್ಟದ ತುಂಬ ತೆಂಗಿನಕಾಯಿ. ಸಿಪ್ಪೆ ಸಮೇತ ಪೇರಿಸಿಟ್ಟರೆ ವರ್ಷ ತುಂಬುವುದರೊಳಗೆ ಒಳಗಿನ ನೀರು ಇಂಗಿ ಉಂಡೆ ಕೊಬ್ಬರಿಯಾಗುತ್ತದೆ. ಅಲ್ಲಿಯವರೆಗೆ ತುಂಬಿದ ಅಟ್ಟವನ್ನು ಯಾರೂ ಹತ್ತಬಾರದು, ಕಾಯಿ ಅಲುಗಿದರೆ ಕೊಬ್ಬರಿ ಕೆಡುತ್ತದೆ ಎಂಬುದು ಮನೆಯ ಕಟ್ಟಳೆ. ಪ್ರತಿವರ್ಷ ಅರ್ಧ ಅಟ್ಟ ತುಂಬುತ್ತಿತ್ತು. ಈ ಸಲ ಎರಡು ತಿಂಗಳ ಹಿಂದೆ ರಾಜಶೇಖರ ಆಸೆಬುರುಕತನದಿಂದ ಹಲಗೆಯ ಮಟ್ಟದವರೆಗೂ ಒಟ್ಟಿದ್ದ.

ಭಾನುವಾರ ಮಧ್ಯಾಹ್ನ ಊಟಕ್ಕೆ ಕೂತಾಗ ಅವಳು ಮತ್ತೆ ಕೇಳಿದಳು. ರಾಜಶೇಖರ ತಲೆ ಎತ್ತಲಿಲ್ಲ.

“ಮೊದ್ಲು ಕೊಬ್ಬರಿ ಇಳೀಲಿ, ಆಮೇಲೆ ಹೊಸ ರೂಟರ್ ನೋಡೋಣ. ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ. ನೆಟ್ಟಗೆ ಮಾತಾಡಿದ್ರೆ ಲೈನ್ಯಾಕೆ ಕಟ್ಟಾಗ್ತದೆ?”

ಹಾಗಂದವನೇ ಮುದ್ದೆ ಮುರಿಯುತ್ತ ಫೋನಿನ ಡೇಟಾ ಹಾಕಿ ಅಟ್ಟದ ಕ್ಯಾಮೆರಾ ತೆರೆದ. ಕಾಯಿ ಕದ್ದಾರೆಂದು ಹಾಕಿಸಿದ ಕ್ಯಾಮೆರಾ, ಅದೂ ಆ ರೂಟರ್ ಪಕ್ಕದಲ್ಲೇ. “ನೋಡವ್ವ, ಕನ್ನಡಿ ಥರ ಕಾಣ್ತದೆ,” ಎಂದು ತಾಯಿ ಬಸಮ್ಮನಿಗೆ ತೋರಿಸಿದ.

ಉಷಾರಾಣಿ ಸಾರಿನ ಸೌಟು ಹಿಡಿದು ಹಾಗೇ ನಿಂತಳು. ಅದೇ ಗಳಿಗೆಯಲ್ಲಿ ಮೂಲೆಯ ಲ್ಯಾಪ್‌ಟಾಪ್ ನೆಟ್ ಇಲ್ಲ ಎಂದು ತೆರೆಯ ಮೇಲೆ ಗಿರಗಿರ ಚಕ್ರ ತಿರುಗಿಸುತ್ತಿತ್ತು. ರೂಟರ್ ಸತ್ತಿದ್ದರೆ ಈ ಕಾಯಿಗಳು ಹೇಗೆ ಕಾಣಬೇಕು? ಅಯ್ಯೋ ಶಿವನೇ, ಕೆಟ್ಟಿರುವುದು ರೂಟರ್ ಅಲ್ಲ! ನಡುವೆ ಇರುವ ನೀರು ತುಂಬಿದ ಸಾವಿರಾರು ಕಾಯಿ ಸಿಗ್ನಲ್ಲನ್ನು ಕೆಳಗೆ ಬಿಡುತ್ತಿಲ್ಲ. ಆರು ವರ್ಷದ ಹಿಂದೆ ನೆಟ್ ಬಂದಾಗ ರೂಟರನ್ನು ಅಟ್ಟದಲ್ಲೇ ಹಾಕು ಅಂದವನು ಇವನೇ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಈ ಮನೆಯಲ್ಲಿ ಕಾಯಿಗೆ ಇರುವ ನೆಟ್ಟು ತನಗಿಲ್ಲ!

ಸೋಮವಾರ ಬೆಳಿಗ್ಗೆ ರಾಜಶೇಖರ ಅರಸೀಕೆರೆ ಮಂಡಿಗೆ ಹೋಗುವುದನ್ನೇ ಕಾದು, ಸೆರಗು ಸಿಕ್ಕಿಸಿ ಏಣಿ ಹಾಕಿದಳು.

“ತುಂಬಿದ ಅಟ್ಟ ಕಣೇ, ಹತ್ತಬ್ಯಾಡ! ಕೊಬ್ಬರಿ ಕೆಡ್ತದೆ!” ಬಸಮ್ಮ ಕೂಗಿಕೊಂಡರು.

“ಕೆಡ್ಲಿ ಅತ್ತೆ! ನನ್ನ ಕೆಲಸ ಕೆಡ್ತಿರೋದು ಯಾರ ಕಣ್ಣಿಗೂ ಬೀಳ್ಲಿಲ್ವಲ್ಲ!”

ಬಸಮ್ಮ ಬಂದು ಏಣಿಯ ಬುಡ ಹಿಡಿದುಕೊಂಡರು. “ಬಿದ್ದು ಸೊಂಟ ಮುರ್ಕೊಂಡ್ರೆ ಮುದ್ದೆ ತಿರುವೋಳು ನಾನೇ,” ಎಂದು ಗೊಣಗಿದರು.

ಮೊಣಕಾಲು ತರಚುತ್ತ ಕಾಯಿ ರಾಶಿಯ ಮೇಲೆ ತೆವಳಿ ಹಲಗೆಯ ಹತ್ತಿರ ಹೋಗಿ ಫೋನ್ ನೋಡಿದರೆ ವೈಫೈ ಸಿಗ್ನಲ್ ಭರ್ತಿ. ಇನ್ನು ಅನುಮಾನವೇ ಉಳಿಯಲಿಲ್ಲ. ರೂಟರ್ ಕಿತ್ತುಕೊಂಡು ಇಳಿದಳು. ವೈರು ಹೇಗೂ ಪಡಸಾಲೆಯ ಗೋಡೆ ಹಾದೇ ಮೇಲೆ ಹೋಗಿತ್ತು. ಅದನ್ನು ಕೆಳಗೆಳೆದು ತನ್ನ ಮೇಜಿನ ಮೇಲೆ ರೂಟರ್ ಇಟ್ಟಳು. ದಾರಿಗೆ ಅಡ್ಡ ಬಂದ ಹತ್ತಿಪ್ಪತ್ತು ಕಾಯಿ ಪಡಸಾಲೆಯಲ್ಲಿ ಉರುಳಾಡುತ್ತಿದ್ದವು. ಬಿದ್ದಿರಲಿ ಅಂತ ಬಿಟ್ಟಳು.

ಹತ್ತಕ್ಕೆ ಕೂತವಳು ಮಧ್ಯಾಹ್ನ ಒಂದರೊಳಗೆ ಹದಿನೇಳು ಕರೆ ಮುಗಿಸಿದಳು. ಒಂದೂ ಕಡಿಯಲಿಲ್ಲ. ಊಟದ ಬಿಡುವಿಗೆ ಎದ್ದಾಗ ಫೋನು ಹೊಡೆದುಕೊಂಡಿತು. ರಾಜಶೇಖರ.

“ಲೇ ಉಷಾ, ಕ್ಯಾಮೆರಾ ಹೋಯ್ತಲ್ಲೇ! ಅಟ್ಟದಲ್ಲಿ ಒಂದು ಕಾಯೂ ಕಾಣ್ತಿಲ್ಲ! ಏನಾಯ್ತೇ?”

ಉಷಾರಾಣಿ ಗಂಟಲು ಸರಿಮಾಡಿಕೊಂಡು, ಬೆಣ್ಣೆಯಂಥ ದನಿ ತೆಗೆದಳು.

“ತೊಂದರೆಗೆ ವಿಷಾದಿಸುತ್ತೇವೆ ಸರ್. ಮೊದಲು ಕೊಬ್ಬರಿ ಇಳೀಲಿ, ಆಮೇಲೆ ನೋಡೋಣ.”