ಬಾಗಿಲ ಬಳಿ ಕೂತ ಪ್ರೊಫೆಸರ್ ಅಕನಿಸಿ

ಯಾವ ನಾಡು ತನ್ನ ಮುಖಂಡರನ್ನು ಹೇಗೆ ಆರಿಸಿಕೊಳ್ಳುತ್ತದೆ, ಹೇಗೆ ಇಳಿಸುತ್ತದೆ ಎಂದು ಹೋಲಿಸಿ ನೋಡುವ ವಿದ್ಯೆ ತೌಲನಿಕ ರಾಜಕಾರಣ. ನಮ್ಮ ಈ ದ್ವೀಪಗಳ ಸಾಗರದಲ್ಲಿ ಆ ವಿದ್ಯೆಗೆ ಪ್ರೊಫೆಸರ್ ಅಕನಿಸಿ ನಾಯುಲು ಅವರೇ ಹಾಯಿ, ಅವರೇ ಗಾಳಿ. ಸುವಾ ನಗರದ ನಮ್ಮ ವಿಶ್ವವಿದ್ಯಾಲಯದಲ್ಲಿ ಮೂವತ್ತೊಂದು ವರ್ಷ ಅವರು ನಡೆಸಿದ ಸಂಶೋಧನಾ ಕಮ್ಮಟಗಳಿಗೆ, ಸಭೆಯಲ್ಲಿ ಹಿರಿತನದ ಸಾಲಿನಲ್ಲಿ ಕುಡಿಯುವ ಯಂಗೋನದ ಬೇರು ಕುಟ್ಟಿ, ನೀರಲ್ಲಿ ಹಿಂಡಿ, ಕರಟದಲ್ಲಿ ಹಂಚಿದವನು ನಾನು, ವಾಯಿಸಾಲೆ. ಅವರ ನಿವೃತ್ತಿಯ ಈ ಅಭಿನಂದನಾ ಪುಸ್ತಕಕ್ಕೆ ನಾಲ್ಕನೇ ಕ್ಲಾಸು ದಾಟದ ನನ್ನಿಂದಲೂ ಬರೆಸಿದ್ದು ಸಂಪಾದಕರ ದೊಡ್ಡತನ.

ನಮಗೆಲ್ಲ ಅವರು ಅಕ್ಕನವರು. ಅವರು ಸೇವೆಗೆ ಸೇರಿದ ವರ್ಷ ಚಂಡಮಾರುತ ಬಂದಾಗ ಪಾಠ ನಡೆಯುತ್ತಿತ್ತು. ಅದು ಬಾಗಿಲಲ್ಲೇ ನಿಂತು, ಅಕ್ಕನವರ ವಾಕ್ಯ ಮುಗಿಯುವ ತನಕ ಕಾದು, ಆಮೇಲೆ ತಗಡು ಹಾರಿಸಿತು. ಕಣ್ಣಾರೆ ಕಂಡಿದ್ದೇನೆ. ನನ್ನ ಹೆಂಡತಿ ಆಸ್ಪತ್ರೆಯಲ್ಲಿದ್ದ ಹದಿನೇಳು ದಿನವೂ ಬೇಯಿಸಿದ ಕೆಸುವಿನ ಗೆಡ್ಡೆ ಕಳಿಸಿದ ಕೈ ಅವರದು.

ಆರು ವರ್ಷದ ಹಿಂದಿನ ಕಮ್ಮಟ ಮಾತ್ರ ಈಗಲೂ ಕನಸಿನಂತಿದೆ. ಮಧ್ಯಾಹ್ನ. ಕಡಲಿನ ಬೆಳಕು ಛಾವಣಿಯ ಮೇಲೆ ಅಲೆಯಾಡುತ್ತಿತ್ತು. ಚಾಪೆ, ಪಂಡಿತರು, ಕಾಗದಗಳೆಲ್ಲ ಹಗ್ಗ ಬಿಚ್ಚಿದ ದೋಣಿಯಂತೆ ಮೆಲ್ಲಗೆ ತೇಲುತ್ತಿದ್ದವು. ಆ ತೇಲಾಟದಲ್ಲೇ ನಾನು ಮೊದಲ ಕರಟವನ್ನು ಚಾಪೆಯ ಮೇಲುತುದಿಯಲ್ಲಿ ಕೂತವರ ಕೈಗೆ ಕೊಟ್ಟೆ.

ಮೇಲುತುದಿ ಎಲ್ಲರಿಗಿಂತ ದೊಡ್ಡವರ ಜಾಗ. ಅಲ್ಲಿದ್ದವಳು ವಿದ್ಯಾರ್ಥಿನಿ ಲೊಸಾನ. ಅವಳ ಲ್ಯಾಪ್‌ಟಾಪಿಗೆ ಬೇಕಾದ ಪ್ಲಗ್ಗು ಅಲ್ಲಿತ್ತು, ಅಷ್ಟೇ. ಮೊದಲ ಕರಟ ಸಲ್ಲಬೇಕಾಗಿದ್ದು ಮುಖಂಡರ ಮನೆತನದವರಾಗಿ ‘ರಾತು’ ಎಂಬ ಬಿರುದು ಹೊತ್ತ ಪ್ರೊಫೆಸರ್ ರಾತು ಪೆನಿಯಾಸಿಯವರಿಗೆ. ಅವಳ ಪ್ರಬಂಧದ ಪರೀಕ್ಷಕರೂ ಅವರೇ.

ರಾತು ಎದ್ದರು.

"ಇದಕ್ಕಾ ನಾನು ಎರಡು ದಿನ ದೋಣೀಲಿ ವಾಂತಿ ಮಾಡ್ಕೊಂಡು ಬಂದಿದ್ದು?"

ಅವರು ಹೊರಟರೆ ಲೊಸಾನಳ ಐದು ವರ್ಷದ ಓದು ಮುಳುಗಿದಂತೆ. ಅಕ್ಕನವರು ಬಗ್ಗಿಕೊಂಡೇ ಹೋಗಿ, ಬಾಗಿಲ ಬಳಿ ಎಲ್ಲರಿಗಿಂತ ಕೆಳಗಿನ ಜಾಗದಲ್ಲಿ ಕೂತು, ಕ್ಷಮೆ ಕೇಳುವಾಗ ಒಪ್ಪಿಸುವ ಯಂಗೋನ ಬೇರಿನ ಕಟ್ಟನ್ನು ರಾತು ಮುಂದಿಟ್ಟರು.

"ಚಾಪೆ ಹಾಸ್ಸಿದೋಳು ನಾನು. ವಾಯಿಸಾಲೆನ ಬೈಬೇಡಿ, ಹುಡುಗೀನೂ ಬೈಬೇಡಿ. ತಪ್ಪು ನನ್ ತಲೆ ಮೇಲಿರ್ಲಿ."

ರಾತುವಿನ ದ್ವೀಪಕ್ಕೂ ಅಕ್ಕನವರ ಊರಿಗೂ ತಾತಂದಿರ ಕಾಲದಿಂದ ತಮಾಷೆಗೆ ಬೈದಾಡಿಕೊಳ್ಳುವ ನಂಟು. ರಾತು ಬೇರಿನ ಕಟ್ಟನ್ನು ನೋಡಿ ಗೊಣಗಿದರು: "ನಿಮ್ಮೂರೋರು ಏಡಿ ಜಾತಿ. ಮುಂದಕ್ ನಡೀರಿ ಅಂದ್ರೆ ಪಕ್ಕಕ್ ನಡೀತೀರ."

"ನಿಮ್ ದ್ವೀಪದಲ್ಲಿ ಏಡಿಗಳೂ ರಾತುಗಳೇ ಅಂತಲ್ಲ, ಭಾವ! ಬಾಯಾರಿದ್ರೂ ಯಾರ್ ದೊಡ್ಡೋರು ಅಂತ ಕೇಳ್ಕೊಂಡೇ ನೀರು ಕುಡೀತಾವಂತೆ."

ರಾತು ನಕ್ಕುಬಿಟ್ಟರು, ಕ್ಷಮೆ ಒಪ್ಪಿದ ಗುರುತಿಗೆ ಬೇರಿನ ಕಟ್ಟನ್ನು ಮುಟ್ಟಿ ಚಪ್ಪಾಳೆ ತಟ್ಟಿ ಕೂತರು. ಲೊಸಾನ ತುಂಬಿದ ಕರಟವನ್ನು ಅಕ್ಕನವರತ್ತ ಚಾಚಿದಳು.

"ಅಕ್ಕಾ, ಇದನ್ನೇನ್ ಮಾಡ್ಲಿ?"

"ಕುಡಿ, ಮಗಳೇ. ಬಗ್ಗಿಸಿದ್ದು ವಾಪಸ್ ಹೋಗಲ್ಲ. ಮೊದ್ಲು ಕುಡಿದೋರೇ ಮೊದ್ಲು ಮಾತಾಡ್ಬೇಕು."

ಅವಳು ಮಾತಾಡಿದಳು. ಊರಸಭೆಗಳಲ್ಲಿ ಬಾಗಿಲ ಬಳಿ ಕೂರುವ ಹೆಂಗಸರು ಮೇಲುತುದಿಯವರ ತೀರ್ಮಾನವನ್ನು ಹೇಗೆ ಸದ್ದಿಲ್ಲದೆ ತಿರುಗಿಸುತ್ತಾರೆ, ಯಾವ ದ್ವೀಪದಲ್ಲಿ ಎಷ್ಟು ತಿರುಗಿಸುತ್ತಾರೆ ಎಂಬುದೇ ಅವಳ ಪ್ರಬಂಧ. ಮೂರು ಗಂಟೆ ಪ್ರಶ್ನೆ ಕೇಳಿದ ರಾತು ಕೊನೆಗೆ ಬಾಗಿಲ ಕಡೆ ನೋಡಿದರು. ಅಕ್ಕನವರು ಅಲ್ಲಿಂದ ಎದ್ದಿರಲೇ ಇಲ್ಲ.

"ಸಾಕ್ಷಿ ಅಲ್ಲೇ ಕೂತಿದ್ಯಲ್ಲಮ್ಮ. ಇನ್ನೇನ್ ಕೇಳ್ಲಿ? ಪಾಸು."

ಅಕ್ಕನವರಿಗೆ ನೂರು ಮಳೆಗಾಲ ಆಯುಸ್ಸಿರಲಿ. ಕೋಣೆಯ ಬೀಗದ ಕೈ ಒಪ್ಪಿಸಿದ್ದಾರೆ, ಸರಿ. ಬಾಗಿಲ ಬಳಿಯ ಆ ಜಾಗವನ್ನು ಯಾರೂ ಒಪ್ಪಿಸಿಕೊಂಡಿಲ್ಲ. ಅಲ್ಲಿ ಕೂತು ನಮ್ಮೆಲ್ಲರನ್ನೂ ಇನ್ನಷ್ಟು ಕಾಲ ತಿರುಗಿಸುತ್ತಿರಲಿ.